ಸದ್ದು ತಗ್ಗಲಿ, ತಂಡ ಕೇಳಲಿ

ಹೊಸದಾಗಿ ಬ್ಯಾಂಡ್ ಕಟ್ಟಿಕೊಂಡ ಹುಡುಗ ಹುಡುಗಿಯರು ನನ್ನ ಬಳಿ ಬಂದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಂಕಲ್, ಎಷ್ಟು ವ್ಯಾಟಿನ ಆಂಪ್ ತಗೊಳ್ಳೋದು?" ವಾರವಿಡೀ ಕಾಲೇಜು, ಕಚೇರಿ ಎಂದು ಓಡಾಡಿ, ಭಾನುವಾರ ಯಾರದೋ ಮನೆಯ ಮಹಡಿ ಕೋಣೆಯಲ್ಲಿ ಸೇರಿ ನುಡಿಸುವ ಈ ಮಕ್ಕಳನ್ನು ಕಂಡರೆ ನನಗೆ ಬಹಳ ಅಕ್ಕರೆ. ಗಣೇಶೋತ್ಸವದ ರಸಮಂಜರಿ, ರಾಜ್ಯೋತ್ಸವದ ವೇದಿಕೆ, ಮದುವೆಯ ಆರತಕ್ಷತೆ ಎಂದು ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿಕೊಂಡು ಬಂದವನು ನಾನು. ಆ ಸಲಿಗೆಯಿಂದ ಹೇಳುತ್ತಿದ್ದೇನೆ, ಸ್ವಲ್ಪ ಕೂತು ಕೇಳಿ.

ವ್ಯಾಟಿನ ಲೆಕ್ಕ ನಿಮಗೆ ಅನ್ನಿಸುವ ಹಾಗಿಲ್ಲ. 15 ವ್ಯಾಟಿನ ಆಂಪ್ ಕೊಟ್ಟು 30 ವ್ಯಾಟಿನದು ತಂದರೆ ಸದ್ದು ಎರಡರಷ್ಟಾಗುವುದಿಲ್ಲ, ಬರೀ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಅದು "ಸ್ವಲ್ಪ ಜಾಸ್ತಿ ಆಯ್ತು" ಅನ್ನುವಷ್ಟೇ. ನಿಜವಾಗಿ ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. 15ರ ಜಾಗಕ್ಕೆ 150 ತರಬೇಕು. ಅಷ್ಟು ದುಡ್ಡು ಸುರಿಯುವ ಬದಲು ಅದೇ 15-20 ವ್ಯಾಟಿನಲ್ಲಿ ಒಳ್ಳೆಯ ಸ್ಪೀಕರ್ ಇರುವುದನ್ನು ನೋಡಿ. ಆರೂವರೆ ಇಂಚಿನ ಸ್ಪೀಕರಿಗೂ ಹತ್ತು ಇಂಚಿನದಕ್ಕೂ ನಾದದ ತುಂಬುತನದಲ್ಲಿ ಇರುವ ವ್ಯತ್ಯಾಸವನ್ನು ಅಂಗಡಿಯಲ್ಲೇ ನುಡಿಸಿ ಕೇಳಿ ತಿಳಿದುಕೊಳ್ಳಬಹುದು.

ದೊಡ್ಡ ಆಂಪ್‌ಗಳು ಯಾಕೆ ಹುಟ್ಟಿದವು ಗೊತ್ತೇ? ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅನ್ನುವವರದೊಂದು ವಾದ್ಯದ ಅಂಗಡಿ ಇತ್ತು. ಅವರು ಮೂಲತಃ ಡ್ರಮ್ಸ್ ಮೇಷ್ಟ್ರು. ಅಂಗಡಿಗೆ ಬರುತ್ತಿದ್ದ ಗಿಟಾರ್ ಹುಡುಗರು ತಮಗೆ ಬೇಕಾದ ಆಂಪ್ ಸಿಗುತ್ತಿಲ್ಲ ಎಂದು ಗೋಳಾಡಿದರು. ಅಮೆರಿಕದ ಫೆಂಡರ್ ಕಂಪನಿ ಬೇಸ್ ಗಿಟಾರಿಗೆಂದು ಮಾಡಿದ್ದ ಬಾಸ್‌ಮನ್ ಆಂಪನ್ನು ಮಾದರಿಯಾಗಿಟ್ಟುಕೊಂಡು 1962ರಲ್ಲಿ ಮಾರ್ಷಲ್ ಮತ್ತು ಅವರ ಜೊತೆಗಾರರು ತಮ್ಮ ಮೊದಲ ಆಂಪ್ ಕಟ್ಟಿದರು. ಆಮೇಲೆ 'ದ ಹೂ' ತಂಡದ ಪೀಟ್ ಟೌನ್‌ಶೆಂಡ್ ಅಂಥವರು ಇನ್ನೂ ಜೋರು, ಇನ್ನೂ ಜೋರು ಅಂದರು. ನೂರು ವ್ಯಾಟಿನ ಆಂಪ್ ಬಂತು, ಸ್ಪೀಕರ್ ಪೆಟ್ಟಿಗೆಗಳು ಒಂದರ ಮೇಲೊಂದು ಏರಿ ಆಳೆತ್ತರದ ಗೋಡೆಯಾದವು.

ಆ ಕಾಲದ ಸಭಾಂಗಣಗಳಲ್ಲಿ ಧ್ವನಿವರ್ಧಕ ಅಂದರೆ ಹಾಡುವವರ ಮೈಕಿಗೆ ಅಷ್ಟೇ. ಗಿಟಾರಿನ ಸದ್ದು ಕೊನೆಯ ಸಾಲಿಗೆ ತಲುಪಬೇಕಾದರೆ ವೇದಿಕೆಯ ಆಂಪ್ ಒಂದೇ ಗತಿ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ 55 ಸಾವಿರಕ್ಕೂ ಹೆಚ್ಚು ಜನರ ಮುಂದೆ ನುಡಿಸಿದರು. ವಾಕ್ಸ್ ಕಂಪನಿಯ ನೂರು ವ್ಯಾಟಿನ ಆಂಪ್‌ಗಳಿದ್ದವು. ಜನರ ಕೇಕೆಯ ಮುಂದೆ ಅವು ಎಲ್ಲಿಗೂ ಸಾಲಲಿಲ್ಲ, ನುಡಿಸುತ್ತಿದ್ದವರಿಗೇ ತಮ್ಮ ಹಾಡು ಕೇಳಿಸಲಿಲ್ಲ. ಅದರ ಮರುವರ್ಷವೇ ಬೀಟಲ್ಸ್ ಊರೂರು ತಿರುಗಿ ಕಛೇರಿ ಕೊಡುವುದನ್ನು ನಿಲ್ಲಿಸಿದರು. ನಿಲ್ಲಿಸಲು ಬೇರೆ ಕಾರಣಗಳೂ ಇದ್ದವು, ಆದರೆ ತಮ್ಮ ವಾದ್ಯ ತಮಗೇ ಕೇಳಿಸದ ಬೇಸರವೂ ಅದರಲ್ಲಿ ಸೇರಿತ್ತು.

ಇವತ್ತು ನಿಮ್ಮ ಪರಿಸ್ಥಿತಿ ಅದಲ್ಲ. ತಾಲ್ಲೂಕು ಕೇಂದ್ರದ ಮೈಕ್ ಸೆಟ್‌ನವರ ಬಳಿಯೂ ಒಳ್ಳೆಯ ಮಿಕ್ಸರ್ ಇದೆ. ನಿಮ್ಮ ಚಿಕ್ಕ ಆಂಪಿನ ಸ್ಪೀಕರ್ ಮುಂದೆ ಒಂದು ಮೈಕ್ ಇಟ್ಟರೆ ಸಾಕು, ಇಡೀ ಮೈದಾನಕ್ಕೆ ಕೇಳಿಸುವುದು ಅವರ ಕೆಲಸ. ವೇದಿಕೆಯ ಮೇಲಿನ ಆಂಪ್ ಇರುವುದು ನಿಮಗೆ ಮತ್ತು ನಿಮ್ಮ ಜೊತೆಗಾರರಿಗೆ ಕೇಳಿಸಲಿಕ್ಕೆ. ಇಷ್ಟು ಮನಸ್ಸಿಗೆ ಬಂದರೆ ವ್ಯಾಟಿನ ಚಿಂತೆ ತಾನಾಗಿ ಹೋಗುತ್ತದೆ.

ವಾಲ್ವ್ ಆಂಪೋ ಟ್ರಾನ್ಸಿಸ್ಟರ್ ಆಂಪೋ ಎನ್ನುವ ವಾದವೂ ನಿಮ್ಮಲ್ಲಿ ನಡೆಯುತ್ತಿರುತ್ತದೆ. ವಾಲ್ವಿನ ನಾದ ಚೆನ್ನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಭಾರ, ಬಿಸಿ, ಆಗಾಗ ವಾಲ್ವ್ ಬದಲಿಸಬೇಕು, ರಿಪೇರಿ ಬಲ್ಲವರು ಕಡಿಮೆ. ನಮ್ಮ ಮಳೆ, ಧೂಳು, ಏರಿಳಿಯುವ ಕರೆಂಟಿಗೆ ಹೊಸಬರು ಟ್ರಾನ್ಸಿಸ್ಟರ್ ಆಂಪ್ ತೆಗೆದುಕೊಳ್ಳುವುದೇ ಸರಿ. ರೋಲಂಡ್ ಕಂಪನಿಯ ಜೆಸಿ-120 ಟ್ರಾನ್ಸಿಸ್ಟರ್ ಆಂಪೇ. 1975ರಲ್ಲಿ ಬಂದದ್ದು ಇವತ್ತಿಗೂ ತಯಾರಾಗುತ್ತಿದೆ, ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ನಿಂತಿದೆ. ವಾಲ್ವ್ ಆಂಪನ್ನೇ ಕೊಂಡಿರಾದರೆ ಸ್ಪೀಕರ್ ಜೋಡಿಸದೆ ಅದನ್ನು ಆನ್ ಮಾಡಲೇಬೇಡಿ, ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ನುಡಿಸಿ ಮುಗಿದ ಕೂಡಲೇ ಎತ್ತಿ ಆಟೋಗೆ ಹಾಕಬೇಡಿ, ತಣ್ಣಗಾಗಲಿ. ಕೆಟ್ಟರೆ ಸ್ಕ್ರೂ ಬಿಚ್ಚಿ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಸಾಲುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಈಗ ಮಹಡಿ ಕೋಣೆಗೆ ಬನ್ನಿ. ನಾನು ನೋಡಿದ ಬಹುಪಾಲು ತಂಡಗಳಲ್ಲಿ ಗಿಟಾರಿನವನ ಆಂಪ್ ನೆಲದ ಮೇಲೆ, ಅವನ ಕಾಲ ಹಿಂದೆ ಇರುತ್ತದೆ. ಸ್ಪೀಕರಿನ ಚುರುಕು ದನಿ ನೇರ ಸಾಲಿನಲ್ಲಿ ಸಾಗುತ್ತದೆ, ಹಾಗಾಗಿ ಅದು ಅವನ ಮೀನಖಂಡಕ್ಕೆ ಬಡಿದು ಹೋಗುತ್ತದೆ, ಕಿವಿಗೆ ಬರುವುದಿಲ್ಲ. ಅವನು ಕೇಳಿಸುತ್ತಿಲ್ಲ ಎಂದು ಏರಿಸುತ್ತಾನೆ. ಎದುರು ನಿಂತವಳಿಗೆ ಅದು ಕಿವಿ ಸೀಳುತ್ತದೆ, ಅವಳು ಕೀಬೋರ್ಡ್ ಏರಿಸುತ್ತಾಳೆ. ಬೇಸಿನವನು ಸುಮ್ಮನಿರುತ್ತಾನೆಯೇ? ಡ್ರಮ್ಸಿನವನಿಗೆ ತಿರುಗಿಸಲು ಗುಬ್ಬಿ ಇಲ್ಲ, ಇನ್ನಷ್ಟು ಜೋರಾಗಿ ಬಾರಿಸುತ್ತಾನೆ. ಕೊನೆಗೆ ಪಾಪ ಹಾಡುವವಳು ಗಂಟಲು ಹರಿದುಕೊಳ್ಳುತ್ತಾಳೆ. ಅರ್ಧ ಗಂಟೆಯಲ್ಲಿ ಎಲ್ಲರೂ ನುಡಿಸುತ್ತಿರುತ್ತಾರೆ, ಯಾರೂ ಕೇಳುತ್ತಿರುವುದಿಲ್ಲ. ಆ ಆಂಪನ್ನು ಒಂದು ಕುರ್ಚಿಯ ಮೇಲಿಟ್ಟು ಅವನ ಕಿವಿಯತ್ತ ತಿರುಗಿಸಿ ನೋಡಿ. ತಾನಾಗಿಯೇ ಇಳಿಸುತ್ತಾನೆ.

ಅಳತೆ ಹಾಡುವವರದಿರಲಿ. ಅವರ ಗಂಟಲಿಗೆ ವಾಲ್ಯೂಮ್ ಗುಬ್ಬಿ ಇಲ್ಲ. ಅವರು ಸಹಜವಾಗಿ ಹಾಡಿದ್ದು ಮೈಕಿನಲ್ಲಿ ಕೂಗದಂತೆ ಎಷ್ಟು ಏರುತ್ತದೋ ಅಷ್ಟಕ್ಕೆ ಉಳಿದ ಎಲ್ಲ ವಾದ್ಯಗಳೂ ಹೊಂದಿಕೊಳ್ಳಬೇಕು. ಡ್ರಮ್ಸಿನವರು ತೆಳು ಕಡ್ಡಿ ಬಳಸಿ ಮೆಲ್ಲಗೆ ನುಡಿಸುವುದನ್ನು ಕಲಿಯಲಿ. ಲಯ ಬಿಗಿಯಾಗಿದ್ದೂ ಮೆಲ್ಲಗಿರುವುದು ಕಷ್ಟದ ವಿದ್ಯೆ, ಅದಕ್ಕೆ ಮರ್ಯಾದೆ ಕೊಡಿ. ಇನ್ನು ಮೈಕ್ ಕುಯ್ಯೆನ್ನುವುದಕ್ಕೆ ಬಹಳ ಸಲ ಮೈಕ್ ಕಾರಣವಲ್ಲ. ಹಾಡುವ ಮೈಕುಗಳು ಮುಂದಿನ ದನಿಯನ್ನು ಹಿಡಿದು ಹಿಂದಿನದನ್ನು ಬಿಡುವಂತೆ ಮಾಡಿದವು. ಆದ್ದರಿಂದ ಮಾನಿಟರ್ ಸ್ಪೀಕರ್ ಮೈಕಿನ ಬಾಲದ ಕಡೆ ಇರಬೇಕು. ಸಿನಿಮಾದಲ್ಲಿ ನೋಡಿ ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಆ ಗುಣವೇ ಹೋಗುತ್ತದೆ, ಆಗ ಕೂಗದೆ ಇನ್ನೇನು ಮಾಡೀತು?

ಕೀಬೋರ್ಡಿನವರಿಗೆ ಒಂದು ಮಾತು, ಇದು ನನ್ನದೇ ಕುಲದವರಿಗೆ ಹೇಳುವುದು. ನಮ್ಮ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನವನೇ ಪಿಟೀಲು, ಅವನೇ ಕೊಳಲು, ಅವನೇ ಬೇಸು. ನಾಲ್ಕು ಜನರಲ್ಲಿ ಇಡೀ ಸಿನಿಮಾ ಹಾಡು ಎತ್ತಬೇಕಾದಾಗ ಹಾಗೆ ಮಾಡದೆ ವಿಧಿಯಿಲ್ಲ. ಆದರೆ ತಂಡದಲ್ಲಿ ಬೇಸ್ ಗಿಟಾರ್ ಇದ್ದಾಗ ನಿಮ್ಮ ಎಡಗೈಗೆ ವಿಶ್ರಾಂತಿ ಕೊಡಿ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಸುಮಾರು 41 ಹರ್ಟ್ಸ್, ಗಿಟಾರಿನದು 82. ಅದೇ ಜಾಗಕ್ಕೆ ಕೀಬೋರ್ಡಿನ ಎಡಗೈಯೂ ನುಗ್ಗಿದರೆ ಕೇಳುವವರಿಗೆ ಗುಂಯ್‌ಗುಡುವ ರಾಡಿಯಷ್ಟೇ ಸಿಗುತ್ತದೆ. ಗಿಟಾರಿನವರು ಕೂಡ ಮನೆಯಲ್ಲಿ ಒಬ್ಬರೇ ನುಡಿಸುವಾಗ ಬೇಸ್ ಏರಿಸಿ, ಟ್ರೆಬಲ್ ಏರಿಸಿ, ಮಿಡ್ ಪೂರ್ತಿ ಇಳಿಸಿ ಇಟ್ಟಿರುತ್ತಾರೆ. ಕೋಣೆಯಲ್ಲಿ ಅದು ಭವ್ಯವಾಗಿ ಕೇಳುತ್ತದೆ. ತಂಡದೊಳಗೆ ಬಂದರೆ ತಗ್ಗನ್ನು ಬೇಸು ನುಂಗುತ್ತದೆ, ಮೇಲನ್ನು ಸಿಂಬಲ್ ನುಂಗುತ್ತದೆ, ಗಿಟಾರೇ ಕಾಣೆ. ಮಿಡ್ ಏರಿಸಿ, ಬೇಸ್ ಇಳಿಸಿ. ವಾಲ್ಯೂಮ್ ಮುಟ್ಟದೆಯೇ ಎದ್ದು ಕೇಳುತ್ತೀರಿ.

ಮುಂದಿನದು ಜೀವದ ವಿಷಯ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿ ಊರಿನಲ್ಲಿ ಸ್ಟೋನ್ ದ ಕ್ರೋಸ್ ತಂಡದ ಲೆಸ್ ಹಾರ್ವೆ ಎಂಬ ಒಳ್ಳೆಯ ಗಿಟಾರ್ ವಾದಕ ಒಂದು ಕೈಯಲ್ಲಿ ಗಿಟಾರ್ ಹಿಡಿದು ಇನ್ನೊಂದರಲ್ಲಿ ಮೈಕ್ ಮುಟ್ಟಿದರು. ಅರ್ಥಿಂಗ್ ಸರಿ ಇರಲಿಲ್ಲ. ವೇದಿಕೆಯ ಮೇಲೆಯೇ ವಿದ್ಯುತ್ ಹೊಡೆದು ಪ್ರಾಣ ಹೋಯಿತು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪಿನ ಅರ್ಥಿಂಗಿಗೆ ಸೇರಿರುತ್ತವೆ, ಮೈಕಿನ ಲೋಹದ ಮೈ ಮಿಕ್ಸರಿನ ಅರ್ಥಿಂಗಿಗೆ. ಎರಡರಲ್ಲಿ ಒಂದು ಕೈಕೊಟ್ಟರೆ ನಡುವೆ ತಂತಿಯಾಗುವುದು ನಿಮ್ಮ ಮೈ.

ನಮ್ಮ ಪೆಂಡಾಲುಗಳನ್ನು ನೆನೆಸಿಕೊಳ್ಳಿ. ವೈರಿನ ತುದಿ ಸುಲಿದು ಸಾಕೆಟ್ಟಿಗೆ ಬೆಂಕಿಕಡ್ಡಿಯಿಂದ ಸಿಕ್ಕಿಸಿರುತ್ತಾರೆ, ಕೆಳಗೆ ಮಳೆಗೆ ನೆನೆದ ನೆಲ, ದೀಪದ ಸರಕ್ಕೂ ಮೈಕಿಗೂ ಒಂದೇ ಲೈನು. ಗುಂಯ್ ಅನ್ನುತ್ತದೆ ಎಂದು ಆಂಪಿನ ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಕತ್ತರಿಸುವವರಿದ್ದಾರೆ. ಕೈಮುಗಿದು ಕೇಳುತ್ತೇನೆ, ಅದನ್ನು ಮಾಡಬೇಡಿ. ಆ ಪಿನ್ನೇ ನಿಮ್ಮನ್ನು ಕಾಯುವುದು. ತಂಡದ ಎಲ್ಲ ಆಂಪುಗಳಿಗೂ ಮಿಕ್ಸರಿಗೂ ಒಂದೇ ಕಡೆಯಿಂದ, ಅರ್ಥಿಂಗ್ ಇರುವ ಬೋರ್ಡಿನಿಂದ ಕರೆಂಟ್ ತೆಗೆದುಕೊಂಡರೆ ಗುಂಯ್‌ಕಾರವೂ ಬಹುಮಟ್ಟಿಗೆ ಅಡಗುತ್ತದೆ. ಗಿಟಾರ್ ಚೀಲದಲ್ಲಿ ಒಂದು ಟೆಸ್ಟರ್ ಇರಲಿ, ನುಡಿಸುವ ಮುನ್ನ ಮೈಕಿನ ಜಾಲರಿಗೆ ಮುಟ್ಟಿಸಿ ನೋಡಿ. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ ಎಂದು ಸಂಘಟಕರಿಗೆ ಮೊದಲೇ ಹೇಳಿ. ವೈರಿಂಗ್ ನೋಡಿ ಮನಸ್ಸು ಒಪ್ಪದಿದ್ದರೆ ನುಡಿಸುವುದಿಲ್ಲ ಅನ್ನಿ. ಯಾರಿಗೆ ಬೇಜಾರಾದರೂ ಪರವಾಗಿಲ್ಲ. ಅಮೆರಿಕದಿಂದ ಅಣ್ಣನೋ ಅಕ್ಕನೋ ತಂದುಕೊಟ್ಟ ಆಂಪಾದರೆ ಹಿಂಬದಿಯ ಚೀಟಿ ಓದಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಸಿಕ್ಕಿಸಿದರೆ ಆಂಪಿಗೆ ಅದೇ ಕೊನೆ.

ಸಾಮಾನಿನ ಆರೈಕೆ ದೊಡ್ಡ ವಿದ್ಯೆಯೇನಲ್ಲ, ಅಭ್ಯಾಸ ಬೇಕಷ್ಟೇ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿ ಒರೆಸಿ. ಕರಾವಳಿಯ ಉಪ್ಪುಗಾಳಿಗೆ, ಬೆರಳ ಬೆವರಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಮಲೆನಾಡಿನವರು ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ಒರಗಿಸದೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಯಲುಸೀಮೆಯ ಬೇಸಗೆಯಲ್ಲಿ ತೊಂದರೆ ಉಲ್ಟಾ, ಮರ ಒಣಗಿ ಬಿರುಕು ಬಿಡುತ್ತದೆ. ಯಾವ ಕಾಲದಲ್ಲೂ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ವಾದ್ಯ ಬಿಡಬೇಡಿ, ಅಂಟು ಸಡಿಲವಾಗುತ್ತದೆ. ಗುಬ್ಬಿ ತಿರುಗಿಸಿದಾಗ ಕರಕರ ಅಂದರೆ ಆಂಪ್ ಕೆಟ್ಟಿತೆಂದು ಹೆದರಬೇಡಿ. ಬಹಳ ಸಲ ಒಳಗೆ ಕೂತ ಧೂಳು ಅದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿದರೆ ಸರಿಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅದೂ ಸಿಗುತ್ತದೆ, ಜ್ಯಾಕೂ ಸಿಗುತ್ತದೆ. ಬ್ಯಾಟರಿಯ ಪೆಡಲುಗಳಲ್ಲಿ ಜ್ಯಾಕ್ ಸಿಕ್ಕಿಸಿದ್ದರೆ ನುಡಿಸದಿದ್ದಾಗಲೂ ಬ್ಯಾಟರಿ ಖರ್ಚಾಗುತ್ತದೆ, ಕಿತ್ತಿಡಿ.

ಕೇಬಲ್ಲನ್ನು ಮೊಣಕೈಗೆ ಸುತ್ತಬೇಡಿ. ಒಳಗಿನ ಎಳೆ ತಿರುಚಿ ತುಂಡಾಗುವುದು ಹಾಗೆಯೇ. ಅಗಲವಾದ ಬಳೆಗಳಾಗಿ ಸುತ್ತಿ, ಒಂದು ಬಳೆ ಒಳಮುಖ, ಇನ್ನೊಂದು ಹೊರಮುಖ. ಆಂಪ್ ಹೆಡ್ಡಿನಿಂದ ಸ್ಪೀಕರಿಗೆ ಗಿಟಾರಿನ ಕೇಬಲ್ ಹಾಕಬೇಡಿ. ಎರಡೂ ನೋಡಲು ಒಂದೇ, ಒಳಗಿನ ತಾಮ್ರ ಬೇರೆ, ಆ ತೆಳು ಎಳೆ ಅಷ್ಟು ಕರೆಂಟ್ ತಡೆಯುವುದಿಲ್ಲ. 4 ಓಮ್‌ಗಿಂತ ಕಡಿಮೆ ಬೇಡ ಎಂದು ಬರೆದ ಆಂಪಿಗೆ 8 ಓಮಿನ ಎರಡು ಪೆಟ್ಟಿಗೆ ಜೊತೆಯಾಗಿ ಹಾಕಬಹುದು, 4 ಓಮಿನ ಎರಡು ಹಾಕಿದರೆ ಲೆಕ್ಕ 2ಕ್ಕೆ ಇಳಿದು ಆಂಪ್ ಬೇಯುತ್ತದೆ. ಆನ್ ಮಾಡುವಾಗ ಮಿಕ್ಸರ್ ಮೊದಲು, ಪವರ್ ಆಂಪ್ ಕೊನೆಗೆ. ಆಫ್ ಮಾಡುವಾಗ ಪವರ್ ಆಂಪ್ ಮೊದಲು.

ಜೊತೆಗಾರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಬನ್ನಿ, ಶ್ರುತಿ ಮಾಡಿಕೊಂಡು ಬನ್ನಿ, ಹಾಡು ಮನೆಯಲ್ಲೇ ಕಲಿತು ಬನ್ನಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ತಂತಿ ಮೀಟುತ್ತಿರಬೇಡಿ. ಸೌಂಡಿನವರನ್ನು ಏಕವಚನದಲ್ಲಿ ಕೂಗಬೇಡಿ. ಅವರೂ ತಂಡದವರೇ, ಬಾಡಿಗೆ ಅಂದೇ ಕೊಟ್ಟು ಕಳಿಸಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಹಬ್ಬದ ಕೆಲವೇ ದಿನ ಮಧ್ಯರಾತ್ರಿವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಕಾನೂನು ಇರಲಿ, ಪಕ್ಕದ ಮನೆಯಲ್ಲಿ ಮಲಗಿರುವ ವಯಸ್ಸಾದವರನ್ನೂ ಪರೀಕ್ಷೆಗೆ ಓದುವ ಮಗುವನ್ನೂ ನೆನೆದು ಹತ್ತಕ್ಕೆ ನಿಲ್ಲಿಸಿ.

ಎಲ್ಲಕ್ಕಿಂತ ಮುಖ್ಯ ನಿಮ್ಮ ಕಿವಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಎನ್ನುತ್ತಾರೆ ತಿಳಿದವರು. ಮೇಲೆ ಪ್ರತಿ 3 ಡೆಸಿಬೆಲ್ಲಿಗೂ ಆ ಹೊತ್ತು ಅರ್ಧರ್ಧ ಇಳಿಯುತ್ತದೆ. 100ಕ್ಕೆ ಬಂದರೆ ಉಳಿಯುವುದು ಹದಿನೈದೇ ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ಸ್ ಒಂದೇ ಅದನ್ನು ದಾಟಿಸಬಲ್ಲದು. ಜೋರು ಜೋರು ಎಂದು ಕೇಳಿದ ಟೌನ್‌ಶೆಂಡರೇ ಆಮೇಲೆ ಕಿವಿಯ ಶಕ್ತಿ ಕಳೆದುಕೊಂಡು, ಕಿರಿಯ ವಾದಕರಿಗೆ ಎಚ್ಚರಿಕೆ ಹೇಳುವಂತಾಯಿತು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್‌ಗಳಿವೆ, ನಾದ ಕೆಡಿಸದೆ ಸದ್ದನ್ನಷ್ಟೇ ಇಳಿಸುತ್ತವೆ. ಹೊಸ ಪೆಡಲ್ ಕೊಳ್ಳುವ ಮೊದಲು ಅದನ್ನು ಕೊಳ್ಳಿ. ತಾಲೀಮು ಮುಗಿಸಿ ಮನೆಗೆ ಬಂದ ಮೇಲೂ ಕಿವಿಯೊಳಗೆ ಕೀ ಎನ್ನುತ್ತಿದ್ದರೆ, ಬೆಳಗಾದರೂ ನಿಲ್ಲದಿದ್ದರೆ, ತಡ ಮಾಡದೆ ಕಿವಿ ವೈದ್ಯರ ಬಳಿ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಶ್ರವಣ ಪರೀಕ್ಷೆ ಮಾಡುತ್ತಾರೆ. ತೊಂದರೆ ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ತಂಡದವರೆಲ್ಲ ಒಟ್ಟಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ.