ಚಳಿಗಾಲದ ಬೆಟ್ಟ ಮತ್ತು ನಮ್ಮ ತಪ್ಪು ಲೆಕ್ಕ

ಚಳಿಗಾಲ ಬಂತೆಂದರೆ ನಮ್ಮ ತರುಣರು ಭಾನುವಾರ ಕಸಾರಾ ಲೋಕಲ್ ಹಿಡಿದು, ಅಲ್ಲಿಂದ ಘೋಟಿಯ ಮೇಲೆ ಹಾಯ್ದು, ಬಾರಿ ಎಂಬ ಹಳ್ಳಿಯಿಂದ ಕಳಸೂಬಾಯಿ ಹತ್ತುತ್ತಾರೆ. ಮಹಾರಾಷ್ಟ್ರದ ಅತಿ ಎತ್ತರದ ಈ ಶಿಖರ 1646 ಮೀಟರ್. ದಾರಿಯಲ್ಲಿ ಕಬ್ಬಿಣದ ಏಣಿಗಳಿವೆ. ಎಲ್ಲರ ಹೆದರಿಕೆಯೂ ಅವುಗಳದೇ. ಆದರೆ ಏಣಿಯ ಮೇಲೆ ನಾವು ಎರಡೂ ಕೈಯಿಂದ ಹಿಡಿದು ಎಚ್ಚರದಿಂದಿರುತ್ತೇವೆ. ಎಚ್ಚರ ತಪ್ಪುವುದು ಇಳಿಯುವಾಗ, ದಣಿದ ಕಾಲಿಗೆ ಒಣಹುಲ್ಲೂ ಸಡಿಲ ಕಲ್ಲೂ ಸಿಕ್ಕಾಗ.

ಚಳಿಯ ಲೆಕ್ಕವೂ ಹಾಗೆಯೇ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಸ್ವೆಟರನ್ನೇ ಮರೆತ ಮುಂಬಯಿಯವರು ನಾವು. ಬೆವರಿದ ಅಂಗಿಯಲ್ಲೇ ಶಿಖರದ ಗಾಳಿಗೆ ನಿಲ್ಲುತ್ತೇವೆ. ಒದ್ದೆ ಬಟ್ಟೆ ಮೈಯ ಶಾಖವನ್ನು ಬೇಗ ಕಳೆಯುತ್ತದೆ.

ಇನ್ನು ಹೊತ್ತು. ಡಿಸೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಇದು ಗೊತ್ತಿದ್ದೂ, 'ವಾರಕ್ಕೊಂದೇ ರಜೆ, ಇಷ್ಟು ಖರ್ಚು ಮಾಡಿ ಬಂದಿದ್ದೇವೆ' ಎಂದು ತಡವಾದರೂ ಮೇಲೇರುತ್ತೇವೆ. 'ಹೋದ ಸಲ ಏನೂ ಆಗಲಿಲ್ಲವಲ್ಲ' ಎಂಬ ಧೈರ್ಯ ಬೇರೆ! 1996ರ ಮೇ 10ರಂದು ಎವರೆಸ್ಟಿನಲ್ಲಿ ಹೊತ್ತು ಮೀರಿ ಏರಿದವರು ಇಳಿಯುವಾಗ ಬಿರುಗಾಳಿಗೆ ಸಿಕ್ಕರು. ಎಂಟು ಜನ ಸತ್ತರು. ಹಿಂದೆ ಅದೇ ಶಿಖರವನ್ನು ಗೆದ್ದು ಬಂದಿದ್ದ ಮಾರ್ಗದರ್ಶಕರೂ ಅವರಲ್ಲಿದ್ದರು.

ಹಿಂದಿರುಗುವ ಗಂಟೆಯನ್ನು ಬುಡದಲ್ಲೇ ಗೊತ್ತುಮಾಡಿ, ಖೋಲಿಯ ಜೊತೆಗಾರರಿಗೂ ತಿಳಿಸಿ ಹೊರಡಬೇಕು. ಆ ಗಂಟೆಯಾಯಿತೋ, ಶಿಖರ ನೂರೇ ಮಾರು ಉಳಿದಿದ್ದರೂ ಇಳಿಯತೊಡಗಬೇಕು.