ಇನ್ನೊಂದು ಮೀನು ಬೇಡ: ಟ್ಯಾಂಕ್ ತುಂಬುವವರು ಮಾಡಬೇಕಾದ್ದು, ಮಾಡಬಾರದ್ದು

‘ಈ ಟ್ಯಾಂಕಿಗೆ ಇಷ್ಟು ಸಾಕು’ ಎಂದು ತಿಳಿದವರು ಹೇಳಿದ್ದರೆ ಅಲ್ಲಿಗೇ ನಿಲ್ಲಿಸಿ. ಹೇಳಿದ್ದನ್ನು ಮೀರಿ ಈಗಾಗಲೇ ಮೀನು ಬಿಟ್ಟಾಗಿದೆಯೇ? ನೇರ ಕೊನೆಯ ಭಾಗ ಓದಿ, ಉಳಿದದ್ದು ನಾಳೆ.

ಆಗುವುದು ಇಷ್ಟು. ಮೀನು ಕಿವಿರಿನಿಂದ ಅಮೋನಿಯ ಹೊರಹಾಕುತ್ತದೆ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅವುಗಳ ಶಕ್ತಿಗೆ ಮೀರಿ ಮೀನು ತುಂಬಿದರೆ ಅಮೋನಿಯ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತವನ್ನು ಕಂದು ಮಾಡಿ ಉಸಿರು ಕಟ್ಟಿಸುತ್ತದೆ. ಸಾಯುವುದು ಹೊಸದಾಗಿ ತಂದದ್ದು ಮಾತ್ರವಲ್ಲ, ವರ್ಷಗಳಿಂದ ಸಾಕಿದ್ದೂ ಸಾಯುತ್ತದೆ, ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ. ನೀರು ತಿಳಿಯಾಗಿ ಕಾಣುತ್ತಿರುವಾಗಲೇ ಇದೆಲ್ಲ ನಡೆಯುತ್ತದೆ, ಏಕೆಂದರೆ ಅಮೋನಿಯಕ್ಕಾಗಲಿ ನೈಟ್ರೈಟಿಗಾಗಲಿ ಬಣ್ಣವಿಲ್ಲ.

ಮಾಡಬೇಕಾದ್ದು

ಅಂಗಡಿಗೆ ಹೋಗುವ ಮೊದಲು

– ಟ್ಯಾಂಕ್ ಅಳೆಯಿರಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಸುಮಾರು 56 ಲೀಟರ್.

– ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆಯಿರಿ. ಆ 56ರಲ್ಲಿ ನಿಜವಾಗಿ ನಿಲ್ಲುವ ನೀರು 45 ಲೀಟರಿನ ಆಸುಪಾಸು. ಲೆಕ್ಕಕ್ಕೆ ಹಿಡಿಯಬೇಕಾದ್ದು ಇದನ್ನೇ.

– ಮೀನಿಗಿಂತ ಮೊದಲು ಟೆಸ್ಟ್ ಕಿಟ್ ಕೊಳ್ಳಿ. ಅಮೋನಿಯ, ನೈಟ್ರೈಟ್, ನೈಟ್ರೇಟ್, ಪಿಎಚ್ ನಾಲ್ಕೂ ಇರಲಿ.

– ಮನೆಯ ನೀರಿನ ಪಿಎಚ್ ನೋಡಿ ಬರೆದಿಡಿ. ಪಿಎಚ್ 7ರಿಂದ 8ಕ್ಕೆ ಏರಿದರೆ, ಅದೇ ಅಳತೆಯ ಅಮೋನಿಯದಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಗಡಸು ಬೋರ್‌ವೆಲ್ ನೀರಿನ ಮನೆಯವರು ಈ ಸಾಲನ್ನು ಎರಡು ಸಲ ಓದಿ.

– ಮೀನಿಲ್ಲದೆ ಫಿಲ್ಟರ್ ಓಡಿಸಿ, 4ರಿಂದ 6 ವಾರ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಬರುವ ಅಮೋನಿಯದಿಂದಲೇ ಬ್ಯಾಕ್ಟೀರಿಯಾ ಬೆಳೆಯಬೇಕು.

– ಅಷ್ಟು ಕಾಯಲಾರದವರು ಪರಿಚಯದವರ ಆರೋಗ್ಯವಂತ ಟ್ಯಾಂಕಿನಿಂದ ಹಳೆಯ ಸ್ಪಂಜ್ ಬೇಡಿ ತನ್ನಿ. ಒಣಗಲು ಬಿಡದೆ, ಅದೇ ಟ್ಯಾಂಕಿನ ನೀರಿನಲ್ಲೇ ತನ್ನಿ.

– ಅಮೋನಿಯ 0, ನೈಟ್ರೈಟ್ 0 ಬಂದ ಮೇಲೆ ಮಾತ್ರ ಮೊದಲ ಮೀನು ಬಿಡಿ.

ಕೊಳ್ಳುವಾಗ

– ಮೀನು ಬೆಳೆದು ನಿಂತ ಮೇಲೆ ಎಷ್ಟು ಉದ್ದವಾಗುತ್ತದೆ ಎಂದು ಕೇಳಿ. ತೊಟ್ಟಿಯಲ್ಲಿ ಕಾಣುತ್ತಿರುವುದು ಮರಿ.

– ಉತ್ತರ ‘ಇಷ್ಟೇ ಇರುತ್ತೆ ಸಾರ್’ ಎಂದು ಬಂದರೆ ಬೇರೆ ಅಂಗಡಿ ನೋಡಿ.

– ಗುಂಪಿನಲ್ಲಿ ಬದುಕುವ ಮೀನಾದರೆ ಒಂದೇ ಜಾತಿಯದು ಕನಿಷ್ಠ 6 ತನ್ನಿ. ನಿಯಾನ್ ಟೆಟ್ರಾ, ರಾಸ್‌ಬೋರಾ, ಕೋರಿಡೋರಸ್ ಎಲ್ಲ ಈ ಲೆಕ್ಕಕ್ಕೆ ಸೇರಿದವು. ಎರಡೆರಡರಂತೆ ಐದು ಜಾತಿ ತಂದರೆ ಹತ್ತೂ ಹೆದರಿ ಮೂಲೆ ಸೇರುತ್ತವೆ.

– ಆ 2 ಅಡಿಯ ಟ್ಯಾಂಕಿಗೆ 8 ನಿಯಾನ್, 6 ಸಣ್ಣ ಜಾತಿಯ ಕೋರಿಡೋರಸ್ ಹಾಕಿ. ಇಲ್ಲವೇ 6 ಗಂಡು ಗಪ್ಪಿ, 6 ಕೋರಿಡೋರಸ್. ಅಲ್ಲಿಗೆ ಮುಗಿಯಿತು.

– ಗಪ್ಪಿ ಕೊಳ್ಳುವುದಾದರೆ ಗಂಡನ್ನಷ್ಟೇ ಆರಿಸಿ. ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಕೂಡಿದಾಗ ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಳ್ಳುವುದರಿಂದ, ಒಂಟಿ ಹೆಣ್ಣು ತಂದರೂ ಟ್ಯಾಂಕ್ ತುಂಬುತ್ತದೆ.

– ಒಂದು ಗುಂಪನ್ನು ಟ್ಯಾಂಕಿಗೆ ಬಿಟ್ಟ ಮೇಲೆ ಮುಂದಿನದನ್ನು ಬಿಡಲು ಎರಡು ವಾರ ಕಾಯಿರಿ. ಬ್ಯಾಕ್ಟೀರಿಯಾ ಹೊಸ ಹೊರೆಗೆ ತಕ್ಕಷ್ಟು ಹೆಚ್ಚಲು ಸಮಯ ಬೇಕು.

– ಹೊಸ ಮೀನನ್ನು ಮೂರು ವಾರ ಬೇರೆ ಟಬ್ಬಿನಲ್ಲಿ ಇಡಿ, ಸ್ಪಂಜ್ ಫಿಲ್ಟರ್ ಹಾಕಿ. ಚೆನ್ನೈನ ಕೊಳತ್ತೂರಿನಂಥ ಸಗಟು ಕೇಂದ್ರಗಳಿಂದ ಚೀಲದಲ್ಲಿ ಕೂತು ಬಂದ ಮೀನು ದಣಿದಿರುತ್ತದೆ. ಬಿಳಿಚುಕ್ಕೆ ರೋಗ ಕಾಣಿಸುವುದು ಆಮೇಲೆ.

ಸಾಕುವಾಗ

– ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ.

– ನಲ್ಲಿ ನೀರಾದರೆ ಪ್ರತಿ ಬಕೆಟ್‌ಗೂ ಆಂಟಿ-ಕ್ಲೋರಿನ್ ಹಾಕಿ. ಕ್ಲೋರಿನ್ ಮೀನನ್ನೂ ಬಿಡುವುದಿಲ್ಲ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ.

– ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

– ಬ್ಯಾಟರಿಯ ಏರ್ ಪಂಪ್ ತಂದಿಡಿ. ಕರೆಂಟ್ ಹೋದಾಗ ಕಿಕ್ಕಿರಿದ ಟ್ಯಾಂಕಿಗೆ ಸಿಗುವ ಸಮಯ ತೀರ ಕಡಿಮೆ.

– ಬೇಸಿಗೆಯಲ್ಲಿ ಗಾಳಿ ಹೆಚ್ಚಿಸಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಗೆ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಬೆಂಗಳೂರಿನವರು ಹೇಳಿದ ಮೀನಿನ ಸಂಖ್ಯೆಯನ್ನು ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಹಾಗೇ ಹಿಡಿಯದೆ ಇನ್ನೂ ಕಡಿಮೆ ಮಾಡಿ.

– ನೈಟ್ರೇಟ್ ಅಳೆಯಿರಿ. ವಾರವಾರ ನೀರು ಬದಲಿಸಿಯೂ ಅದು 40 ಪಿಪಿಎಂ ದಾಟುತ್ತಿದ್ದರೆ ಟ್ಯಾಂಕ್ ತುಂಬಿದೆ.

– ಬೆಳಿಗ್ಗೆ ಮೀನು ಎಣಿಸಿ. ಒಂದು ಕಾಣದಿದ್ದರೆ ಕಲ್ಲಿನ ಸಂದಿಯಲ್ಲಿ ಹುಡುಕಿ ತೆಗೆಯಿರಿ. ಸತ್ತ ಮೀನು ಕೊಳೆತರೆ ಅದರ ಅಮೋನಿಯ ಉಳಿದವುಗಳ ಪಾಲಿಗೆ.

ಮಾಡಬಾರದ್ದು

ಲೆಕ್ಕದಲ್ಲಿ

– ‘ಒಂದು ಗ್ಯಾಲನ್‌ಗೆ ಒಂದು ಇಂಚು ಮೀನು’ ಎಂಬ ಹಳೆಯ ಸೂತ್ರ ಬೇಡ. ಇಂಚು ಉದ್ದದ ಅಳತೆ, ಹೊಲಸು ಮೈತೂಕದಿಂದ ಬರುತ್ತದೆ. ಉದ್ದ ಹತ್ತು ಪಟ್ಟಾದರೆ ತೂಕ ಸುಮಾರು ಸಾವಿರ ಪಟ್ಟು. ಒಂದು ಇಂಚಿನ ಹತ್ತು ಮರಿ ಮೀನೂ ಹತ್ತು ಇಂಚಿನ ಒಂದು ಆಸ್ಕರೂ ಈ ಸೂತ್ರಕ್ಕೆ ಸಮ. ಫಿಲ್ಟರಿಗೆ ಸಮವಲ್ಲ.

– ‘ಟ್ಯಾಂಕಿಗೆ ತಕ್ಕಷ್ಟೇ ಬೆಳೆಯುತ್ತೆ’ ಎಂಬ ಮಾತು ನಂಬಬೇಡಿ. ಕೊಳೆ ನೀರಿನಲ್ಲಿ, ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ, ಬೆನ್ನು ಗೂನಾಗುತ್ತದೆ, ಆಯುಸ್ಸು ಇಳಿಯುತ್ತದೆ. ಅದನ್ನು ಹೊಂದಿಕೊಳ್ಳುವುದು ಎಂದು ಕರೆಯಬಾರದು.

– ‘ಆಮೇಲೆ ದೊಡ್ಡ ಟ್ಯಾಂಕ್ ತಗೊಂಡರಾಯ್ತು’ ಎಂದುಕೊಂಡು ದೊಡ್ಡ ಮೀನು ತರಬಾರದು. ದೊಡ್ಡ ಟ್ಯಾಂಕ್ ಮನೆಗೆ ಬಂದು, ಅದರ ಫಿಲ್ಟರ್ ಹದವಾದ ಮೇಲೆ ತನ್ನಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದರಲ್ಲಿ ನೀರೇ ಸುಮಾರು 250 ಕೆಜಿ. ಮೇಜು ತಾಳುತ್ತದೆಯೇ ಎಂಬ ಪ್ರಶ್ನೆಯೂ ಅದರ ಜೊತೆಗೇ ಬರುತ್ತದೆ.

– ಎತ್ತರ ನಂಬಿ ಮೀನು ಹೆಚ್ಚಿಸುವುದು ಬೇಡ. ಆಮ್ಲಜನಕ ಬೆರೆಯುವುದು ನೀರಿನ ಮೇಲ್ಮೈಯಲ್ಲಿ. ಕಂಬದಂತೆ ನಿಂತ ಟ್ಯಾಂಕಿಗೆ ಮೇಲ್ಮೈ ಕಡಿಮೆ.

– ದೊಡ್ಡ ಫಿಲ್ಟರ್ ಹಾಕಿದ್ದೇನೆಂದು ಸಲಹೆ ಮೀರಬೇಡಿ. ಈಜುವ ಜಾಗವನ್ನು ಯಾವ ಫಿಲ್ಟರೂ ಕೊಡುವುದಿಲ್ಲ.

– ‘ಖಾಲಿ ಖಾಲಿ ಕಾಣುತ್ತೆ’ ಎಂದು ಮೀನು ಸೇರಿಸಬೇಡಿ. ಗಿಡ ಸೇರಿಸಿ. ವ್ಯಾಲಿಸ್ನೇರಿಯಾ, ಜಾವಾ ಮಾಸ್, ಅನುಬಿಯಾಸ್ ಹೆಚ್ಚು ಆರೈಕೆ ಕೇಳುವುದಿಲ್ಲ.

– ವಾಸ್ತುವಿಗೆಂದು ಮೀನಿನ ಸಂಖ್ಯೆ ನಿರ್ಧರಿಸಬಾರದು. ಎಂಟು ಕೆಂಪು, ಒಂದು ಕಪ್ಪು ಗೋಲ್ಡ್‌ಫಿಶ್ ಎಂಬ ಲೆಕ್ಕ ಫೆಂಗ್ ಶುಯಿಯದು, ಇಲ್ಲಿ ವಾಸ್ತುವಿನ ಹೆಸರು ಹೊತ್ತು ತಿರುಗುತ್ತಿದೆ. ದುಂಡು ಮೈಯ ಗೋಲ್ಡ್‌ಫಿಶ್ ಮೊದಲನೆಯದಕ್ಕೆ 75 ಲೀಟರ್, ನಂತರದ ಒಂದೊಂದಕ್ಕೂ 40 ಲೀಟರ್ ಹಿಡಿಯಿರಿ. ಒಂಬತ್ತಕ್ಕೆ 395 ಲೀಟರ್ ಆಯಿತು. ಅಷ್ಟು ದೊಡ್ಡ ಟ್ಯಾಂಕ್ ಇಲ್ಲವಾದರೆ ಒಂಬತ್ತು ಬೇಡ.

ಮೀನಿನ ಆಯ್ಕೆಯಲ್ಲಿ

– ಬೌಲಿನಲ್ಲಿ ಗೋಲ್ಡ್‌ಫಿಶ್ ಬೇಡ. ಹೂವಿನ ಬುಟ್ಟಿಯ ಜೊತೆ ಉಡುಗೊರೆಯಾಗಿ ಕೊಡುವುದಂತೂ ಬೇಡವೇ ಬೇಡ.

– ‘ಶಾರ್ಕ್’ ಎಂದು ಮಾರುವ ಪಂಗಾಸಿಯಸ್ ಬೇಡ. ಅದು ಶಾರ್ಕ್ ಅಲ್ಲ, ಬೆಳ್ಳಿ ಬಣ್ಣದ ಕ್ಯಾಟ್‌ಫಿಶ್. ಬೆರಳುದ್ದದ್ದು ಒಂದು ಮೀಟರಿನವರೆಗೂ ಬೆಳೆಯಬಲ್ಲದು. ಊಟಕ್ಕೆಂದು ಕೆರೆಗಳಲ್ಲಿ ಸಾಕುವ ಜಾತಿ, ಬೆಚ್ಚಿದರೆ ಗಾಜಿಗೆ ತಲೆ ಬಡಿದುಕೊಳ್ಳುತ್ತದೆ.

– ಟ್ಯಾಂಕ್ ತೊಳೆಯುತ್ತದೆಂದು ಸಕ್ಕರ್ ಮೀನು ಬೇಡ. ಅದು ಬೇರೆ ಮೀನಿನ ಹೊಲಸು ತಿನ್ನುವುದಿಲ್ಲ, ತನ್ನದನ್ನೂ ಸೇರಿಸುತ್ತದೆ. 30 ಸೆಂಟಿಮೀಟರ್ ಮೀರಿ ಬೆಳೆಯುತ್ತದೆ. ಗಾಜಿನ ಪಾಚಿ ಉಜ್ಜಲು ನಿಮ್ಮ ಕೈಯೇ ಸಾಕು.

– 280 ಲೀಟರಿಗೆ ಕಡಿಮೆಯಾದರೆ ಆಸ್ಕರ್ ಬೇಡ. ಅದೂ ಒಂದಕ್ಕೆ.

– ಫ್ಲವರ್‌ಹಾರ್ನ್ ಜೊತೆ ಯಾವ ಮೀನೂ ಬೇಡ. ಒಂಟಿಯಾಗಿಯೇ ಇಡಿ.

– ಮುಚ್ಚಳವಿಲ್ಲದೆ ಅರೋವಾನ ಇಡಬಾರದು. ನೀರಿನಿಂದ ಮೇಲಕ್ಕೆ ಹಾರಿ ಹುಳ ಹಿಡಿಯುವುದು ಅದರ ಹುಟ್ಟುಗುಣ. ಸಿಲ್ವರ್ ಅರೋವಾನ ಸುಮಾರು 90 ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕು ಅಡಿಯ ಟ್ಯಾಂಕಿನಲ್ಲಿ ಅದಕ್ಕೆ ತಿರುಗಲೂ ಜಾಗವಿಲ್ಲ.

– ರೆಡ್ ಟೇಲ್ ಕ್ಯಾಟ್‌ಫಿಶ್, ಅಲಿಗೇಟರ್ ಗಾರ್, ಅರಾಪೈಮಾ ಯಾವ ಮನೆಗೂ ಬೇಡ. ಮೂರೂ ಮೀಟರ್ ದಾಟುವ ಜಾತಿಗಳು. ಮರಿಯ ಬೆಲೆ ನೋಡಿ ಮೋಸ ಹೋಗಬೇಡಿ.

– ಹೊಳೆಯಿಂದ ಹಿಡಿದು ತಂದ ಮಿಸ್ ಕೇರಳ ಕೊಳ್ಳಬಾರದು. ಪಶ್ಚಿಮ ಘಟ್ಟದ ಹೊಳೆಗಳ ಈ ಮೀನನ್ನು ಐಯುಸಿಎನ್ ಅಳಿವಿನ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿದೆ. ಸಾಕಣೆಯಲ್ಲಿ ಹುಟ್ಟಿದ್ದಾದರೂ 15 ಸೆಂಟಿಮೀಟರ್ ಬೆಳೆಯುವ ಗುಂಪಿನ ಮೀನು. ಹರಿವಿರುವ, ತಂಪು ನೀರಿನ ದೊಡ್ಡ ಟ್ಯಾಂಕ್ ಇಲ್ಲದವರಿಗೆ ಅದೂ ಬೇಡ.

ಜೊತೆ ಹಾಕುವುದರಲ್ಲಿ

– ಒಂದೇ ಟ್ಯಾಂಕಿನಲ್ಲಿ ಎರಡು ಗಂಡು ಫೈಟರ್ ಬೇಡ.

– ಏಂಜೆಲ್ ಜೊತೆ ನಿಯಾನ್ ಬೇಡ. ಬೆಳೆದ ಏಂಜೆಲ್ ಬಾಯಿಗೆ ನಿಯಾನ್ ಹಿಡಿಯುತ್ತದೆ.

– ಟೈಗರ್ ಬಾರ್ಬ್ ಜೊತೆ ಉದ್ದ ರೆಕ್ಕೆಯ ಮೀನು ಬೇಡ. ಏಂಜೆಲ್, ಫೈಟರ್, ಗಪ್ಪಿ ಯಾವುದರ ಬಾಲವನ್ನೂ ಅದು ಕಚ್ಚದೆ ಬಿಡುವುದಿಲ್ಲ.

– ಗೋಲ್ಡ್‌ಫಿಶ್ ಜೊತೆ ಪುಟ್ಟ ಟೆಟ್ರಾ ಬೇಡ.

ಕೆಟ್ಟ ಮೇಲೆ

– ಮೀನು ಸತ್ತ ಮರುದಿನವೇ ಬದಲಿ ಮೀನು ತರಬಾರದು. ಮೊದಲು ನೀರು ಪರೀಕ್ಷಿಸಿ.

– ರೋಗವೇನೆಂದು ತಿಳಿಯದೆ ಅಂಗಡಿಯ ನೀಲಿ ಔಷಧಿ ಸುರಿಯಬೇಡಿ. ಮೆಥಿಲೀನ್ ಬ್ಲೂ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲಬಲ್ಲದು. ಬೇಕೇ ಆದರೆ ಬೇರೆ ಟಬ್ಬಿನಲ್ಲಿ ಹಾಕಿ.

– ಇಡೀ ಟ್ಯಾಂಕ್ ಖಾಲಿ ಮಾಡಿ, ಮರಳು, ಫಿಲ್ಟರ್ ಎಲ್ಲವನ್ನೂ ನಲ್ಲಿ ಕೆಳಗೆ ತೊಳೆಯಬಾರದು.

– ಹೆಚ್ಚಾದ ಮೀನನ್ನು ಕೆರೆ, ಹೊಳೆ, ಬಾವಿ, ಕಲ್ಯಾಣಿಗೆ ಬಿಡಬಾರದು. ದೇವಸ್ಥಾನದ ಪುಷ್ಕರಿಣಿಗೂ ಬಿಡಬಾರದು. 2018ರ ಪ್ರವಾಹದ ಬಳಿಕ ಕೇರಳದ ಚಾಲಕ್ಕುಡಿ ಹೊಳೆಯಲ್ಲಿ ಅರಾಪೈಮಾ ಸಿಕ್ಕಿತು. 2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿತು. ಎರಡೂ ಅಮೆರಿಕ ಖಂಡಗಳ ಮೀನು, ಇಲ್ಲಿಗೆ ತಂದದ್ದು ಮನುಷ್ಯರೇ. ಸಕ್ಕರ್ ಮೀನು ನಮ್ಮ ನೀರುಗಳಲ್ಲಿ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ. ಪುಣ್ಯ ಬರುತ್ತದೆಂದು ಬಿಡುವವರಿದ್ದಾರೆ. ಅದರ ಲೆಕ್ಕ ಬಲೆ ಹಾಕುವವರನ್ನು ಕೇಳಿ.

ಈಗಾಗಲೇ ಹೆಚ್ಚಾಗಿದ್ದರೆ

ಮೀನು ಮೇಲೆ ಬಂದು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಕಿವಿರು ಕೆಂಪಾಗಿದ್ದರೆ, ರೆಕ್ಕೆ ಮುದುಡಿಕೊಂಡಿದ್ದರೆ, ಈ ಕ್ರಮದಲ್ಲಿ ಮಾಡಿ.

– ಆಹಾರ ನಿಲ್ಲಿಸಿ. ಬೆಳೆದ ಮೀನು ಎರಡು ಮೂರು ದಿನ ಉಪವಾಸ ತಾಳುತ್ತದೆ.

– ಏರ್ ಪಂಪ್ ಹಚ್ಚಿ. ಪಂಪ್ ಇಲ್ಲವಾದರೆ ಟ್ಯಾಂಕಿನ ನೀರನ್ನೇ ಚೊಂಬಿನಲ್ಲಿ ಎತ್ತಿ ಮೇಲಿಂದ ಸುರಿಯುತ್ತಿರಿ.

– ಅಮೋನಿಯ, ನೈಟ್ರೈಟ್, ಪಿಎಚ್ ಮೂರನ್ನೂ ಪರೀಕ್ಷಿಸಿ.

– ಅರ್ಧ ನೀರು ಬದಲಿಸಿ. ಹೊಸ ನೀರು ಅದೇ ಬಿಸುಪಿನಲ್ಲಿರಲಿ, ಆಂಟಿ-ಕ್ಲೋರಿನ್ ಹಾಕಿರಲಿ.

– ಹೊಸ ನೀರಿನ ಪಿಎಚ್ ಟ್ಯಾಂಕಿನದ್ದಕ್ಕಿಂತ ಬಹಳ ಹೆಚ್ಚಿದ್ದರೆ ಒಮ್ಮೆಗೇ ಅರ್ಧ ಬೇಡ. ಸ್ವಲ್ಪಸ್ವಲ್ಪವಾಗಿ, ದಿನಕ್ಕೆರಡು ಸಲ ಬದಲಿಸಿ. ಬೋರ್‌ವೆಲ್ ಮನೆಗಳಲ್ಲಿ ಹೆಚ್ಚಾಗಿ ಎಡವುವುದು ಇಲ್ಲೇ.

– ನೈಟ್ರೈಟ್ ಕಂಡರೆ 10 ಲೀಟರಿಗೆ ಒಂದು ಟೀ ಚಮಚ ಕಲ್ಲುಪ್ಪು ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನಲ್ಲೇ ತಡೆಯುತ್ತದೆ.

– ಅಮೋನಿಯ, ನೈಟ್ರೈಟ್ ಎರಡೂ 0ಗೆ ಇಳಿಯುವವರೆಗೆ ದಿನವೂ ಪರೀಕ್ಷಿಸಿ, ದಿನವೂ ನೀರು ಬದಲಿಸಿ.

– ಹೆಚ್ಚಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಹಣ ಕೇಳುತ್ತ ಕೂರಬೇಡಿ.

– ಅಂಗಡಿಯವರು ಬದಲಿಗೆ ಬೇರೆ ಮೀನು ಕೊಡುತ್ತೇನೆಂದರೆ ಒಪ್ಪಬೇಡಿ. ಆಂಟಿ-ಕ್ಲೋರಿನ್ ಬಾಟಲಿ ಕೇಳಿ ತನ್ನಿ.