ಬೇಸಿಗೆ ರಜೆಯಲ್ಲಿ ಗಿಡಕ್ಕೆ ನೀರು ಕೊಡುವವರು ಯಾರು?

ಮಕ್ಕಳೇ, ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಕುಂಸಿ ಎಂಬ ಊರಿದೆ. ಇದು ಮಲೆನಾಡಿನ ಅಂಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಳ್ಳೆಯ ಮಳೆ. ಆದರೆ ಜನವರಿಯ ನಂತರ ಮಳೆ ಅಪರೂಪ. ನೆಲ ಒಣಗಿ ಗಟ್ಟಿಯಾಗುತ್ತದೆ. ಜೂನ್ 5ರ ವಿಶ್ವ ಪರಿಸರ ದಿನದಂದು ನೆಟ್ಟ ಗಿಡ ಮಳೆಗಾಲದಲ್ಲಿ ಚೆನ್ನಾಗಿ ಚಿಗುರುತ್ತದೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ದಿನವೂ ನೀರು ಹಾಕುವವರಿಲ್ಲ. ಮತ್ತೆ ಶಾಲೆ ತೆರೆದಾಗ ಉಳಿದಿರುವುದು ಒಣಕಡ್ಡಿ! ನಿಮ್ಮ ಶಾಲೆಯಲ್ಲೂ ಹೀಗಾಗಿದೆಯೇ?

ರಾಜಸ್ಥಾನದ ಮರುಭೂಮಿಯಲ್ಲಿರುವ ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್ ಮಾತ್ರ. ಅಂಥ ಒಣನಾಡಿನಲ್ಲಿ ತೋಟ ಮಾಡುವವರ ಸೂತ್ರ ಸರಳ: ನೀರು ನೆಲದ ಮೇಲೆ ನಿಲ್ಲಬಾರದು, ಬೇರಿಗೆ ಮುಟ್ಟಬೇಕು. ಮೇಲೆ ಸುರಿದ ನೀರಿನ ಬಹುಪಾಲು ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಇದಕ್ಕೊಂದು ಹಳೆಯ ಉಪಾಯವೇ ಮಡಕೆ ನೀರಾವರಿ. ಸುಮಾರು 2000 ವರ್ಷಗಳ ಹಿಂದೆ ಚೀನಾದ ಫಾನ್ ಶೆಂಗ್‌ಝಿ ಎಂಬಾತ ಬೇಸಾಯದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದ.

ಮಾಡುವ ವಿಧಾನ

1. ಬಣ್ಣ ಬಳಿಯದ, ಸುಮಾರು 5 ಲೀಟರ್ ಹಿಡಿಸುವ ಮಣ್ಣಿನ ಮಡಕೆ ತೆಗೆದುಕೊಳ್ಳಿ.
2. ಗಿಡದಿಂದ ಒಂದು ಗೇಣು ದೂರದಲ್ಲಿ, ಬೇರಿಗೆ ಪೆಟ್ಟಾಗದಂತೆ ಗುಂಡಿ ತೋಡಿ. ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ.
3. ನೀರು ತುಂಬಿ ಮುಚ್ಚಳ ಹಾಕಿ. ಆಗ ನೀರು ಆವಿಯಾಗದು. ಸೊಳ್ಳೆಯೂ ಮೊಟ್ಟೆ ಇಡದು.
4. ಸುತ್ತಲಿನ ಮಣ್ಣಿಗೆ ತರಗೆಲೆ ಹೊದಿಸಿ.

ಇದು ಹೇಗೆ ಕೆಲಸ ಮಾಡುತ್ತದೆ?

ಮಡಕೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಹೊರಗಿನ ಮಣ್ಣು ಒಣಗಿದ್ದರೆ ಅದು ನೀರನ್ನು ಹೀರಿಕೊಳ್ಳುತ್ತದೆ. ಮಣ್ಣು ಒದ್ದೆಯಾದಂತೆ ನೀರು ಜಿನುಗುವುದು ನಿಧಾನವಾಗುತ್ತದೆ. ಗಿಡದ ಬೇರುಗಳೂ ತೇವವಿರುವ ಮಡಕೆಯ ಕಡೆಗೇ ಬೆಳೆಯುತ್ತವೆ. ಹೀಗೆ, ಎಷ್ಟು ನೀರು ಬೇಕೆಂಬುದನ್ನು ಮಣ್ಣೇ ತೀರ್ಮಾನಿಸುತ್ತದೆ!

ಆದರೆ ನೆನಪಿಡಿ, ಒಮ್ಮೆ ತುಂಬಿದ ನೀರು ರಜೆ ಪೂರ್ತಿ ಸಾಲದು. ಶಾಲೆಯ ಹತ್ತಿರ ಮನೆಯಿರುವವರು ಸರದಿ ಹಾಕಿಕೊಳ್ಳಿ. ಎರಡು ಮೂರು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ, ಇಳಿದಷ್ಟು ನೀರು ತುಂಬಿ. ದಿನವೂ ಬರಬೇಕಾಗಿಲ್ಲ.

ಮಾಡಿ ನೋಡಿ

ಒಂದೇ ಅಳತೆಯ ಎರಡು ಪುಟ್ಟ ಕುಡಿಕೆಗಳನ್ನು ನೆರಳಿನಲ್ಲಿ ಹೂಳಿ. ಒಂದು ಒಣಮಣ್ಣಿನಲ್ಲಿ, ಇನ್ನೊಂದು ಚೆನ್ನಾಗಿ ನೆನೆಸಿದ ಮಣ್ಣಿನಲ್ಲಿ. ಎರಡಕ್ಕೂ ಸಮನಾಗಿ ನೀರು ತುಂಬಿ ಮುಚ್ಚಿ. ಮರುದಿನ ಕಡ್ಡಿಯಿಂದ ನೀರಿನ ಆಳ ಅಳೆಯಿರಿ. ಯಾವುದರಲ್ಲಿ ನೀರು ಹೆಚ್ಚು ಇಳಿದಿದೆ? ಏಕೆ? ತರಗತಿಯಲ್ಲಿ ಚರ್ಚಿಸಿ.